ಕಪ್ಪಾಗದ ಎಣ್ಣೆ

ಅಲ್ಲ, ಮೂರು ಕಲೆಯಲ್ಲ, ಎರಡೇ ಇದ್ದಿರಬೇಕು. ಮೂರನೆಯದು ಬೋಂಡಾದ್ದು. ಅಥವಾ ಬೋಂಡಾ ತಿಂದದ್ದು ಬೇರೆ ದಿನ, ಬೇರೆ ಕಾಗದದ ಮೇಲೆ. ನೆನಪು ಎರಡನ್ನೂ ಒಂದೇ ಹಾಳೆಗೆ ಒರೆಸಿಬಿಟ್ಟಿದೆ. ನಿನ್ನೆ ನಿಘಂಟಿನೊಳಗೆ ಸಿಕ್ಕಿದ ಈ ನೋಟ್‌ಬುಕ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೇನೆ. ಒಂದು ಕಲೆ ಅಗಲವಾಗಿ, ಬೂದು ಬಣ್ಣದಲ್ಲಿ, ಅಂಚಿನವರೆಗೂ ಒಂದೇ ಸಮ ಹಬ್ಬಿದೆ. ಇನ್ನೊಂದರ ನಡುವೆ ಕರಿಯ ಬೀಜದಂಥ ಗಂಟು, ಸುತ್ತ ಬರೀ ಹಳದಿ ಬಳೆ. ಮೂರನೆಯದು ಏನೂ ಅರಿಯದ ಕೂಸಿನಂತಿದೆ. ಅದಕ್ಕೇ ಬೋಂಡಾದ ಮೇಲೆ ಅನುಮಾನ.

ಇದೆಲ್ಲ ನಡೆದು ಇನ್ನೂ ಒಂದು ತಿಂಗಳಾಗಿಲ್ಲ. ಇಷ್ಟು ಹತ್ತಿರದ್ದೇ ಹೀಗೆ ಜಾರುತ್ತಿರುವಾಗ ನಲವತ್ತು ವರ್ಷದ ಹಿಂದಿನದನ್ನು ಗಡಿಯಾರ ನೋಡಿ ಬರೆದಂತೆ ಹೇಳುವವರನ್ನು ಕಂಡರೆ ನನಗೆ ಭಯ. ಆದ್ದರಿಂದ ನಾನು ಹೇಳುವುದನ್ನು ನೀವು ಸ್ವಲ್ಪ ಸೋಸಿಕೊಂಡು ಕೇಳಿ.

ನಮ್ಮ ಗೌರಕ್ಕನನ್ನು ಪರಿಚಯಿಸದೆ ಮುಂದೆ ಹೋಗುವಂತಿಲ್ಲ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನಾನು ಹುಣಸೂರಿನಲ್ಲಿ ಮೇಷ್ಟರಾಗಿದ್ದೇನೆ; ಅವಳು ಪಿರಿಯಾಪಟ್ಟಣ ತಾಲೂಕಿನಲ್ಲಿ, ರಾವಂದೂರಿನ ಹತ್ತಿರ ಇದ್ದಾಳೆ. ಹೊಗೆಸೊಪ್ಪು ವಿಂಗಡಿಸುವ ಏಳು ಹೆಂಗಸರ ಗುಂಪಿಗೆ ಅವಳು ಯಜಮಾನಿ. ಬ್ಯಾರನ್ ಎಂಬ ಬಿಸಿಗೂಡಿನ ಮನೆಯಲ್ಲಿ ಬೇಯಿಸಿ ಒಣಗಿಸಿದ ಎಲೆಯನ್ನು ಬೆಳೆಗಾರರು ಹರಾಜಿಗೆ ಒಯ್ಯುವ ಮೊದಲು ಬಣ್ಣ, ದಪ್ಪ, ಮೈ ನೋಡಿ ಬೇರೆ ಬೇರೆ ರಾಶಿ ಮಾಡಬೇಕು. ಒಣಗಿದ ಎಲೆ ಬಿಸಿಲಿಗೆ ಸಿಕ್ಕರೆ ಹಪ್ಪಳದಂತೆ ಪುಡಿಯಾಗುತ್ತದೆ. ಬೆಳಗಿನ ಇಬ್ಬನಿ ಕುಡಿದು ಮೆತ್ತಗಾದಾಗಲೇ ಅದಕ್ಕೆ ಕೈಹಾಕಬೇಕು. ಆ ಹದ ಇರುವುದು ಬಿಸಿಲೇರುವ ತನಕ ಮಾತ್ರ. ಒಂದು ಗಂಟೆ ತಡವಾದರೆ ಅವತ್ತಿನ ಕೆಲಸ ಹೋಯಿತು. ಎರಡು ದಿನ ತಡವಾದರೆ ಬೆಳೆಗಾರ ಬೇರೆ ಗುಂಪನ್ನು ಕರೆಯುತ್ತಾನೆ, ಮತ್ತೆ ಆ ಸೀಸನ್ನಿನಲ್ಲಿ ತಿರುಗಿ ನೋಡುವುದಿಲ್ಲ.

ಮೊದಲೆಲ್ಲ ಈ ಹೆಂಗಸರು ಯಾರೋ ಕಳಿಸುವ ಗೂಡ್ಸ್ ಆಟೋಗೆ ಕಾಯುತ್ತ ಅರಳಿಕಟ್ಟೆಯ ಮೇಲೆ ಕೂತಿರುತ್ತಿದ್ದರು. ಬಂದರೆ ಕೆಲಸ, ಬಾರದಿದ್ದರೆ ಇಲ್ಲ. ಅಕ್ಕ ನಲವತ್ತೆಂಟನೆಯ ವಯಸ್ಸಿಗೆ ಡ್ರೈವಿಂಗ್ ಕಲಿತು, ಎರಡು ಕೈ ಬದಲಾಗಿದ್ದ ಒಂದು ಎಂಟು ಸೀಟಿನ ಡೀಸೆಲ್ ಕಾರು ಕೊಂಡಳು. ಅವಳು ಮುಂದೆ, ಏಳು ಹೆಂಗಸರು ಪಕ್ಕದಲ್ಲೂ ಹಿಂದೆಯೂ. ಅಂದಿನಿಂದ ಯಾವ ಬ್ಯಾರನ್ನಿಗೆ ಹೋಗಬೇಕು, ಯಾವುದಕ್ಕೆ ಬೇಡ ಎಂದು ಅವಳೇ ಆರಿಸುತ್ತಾಳೆ. ಆ ಗುಂಪು ಗುಂಪಾಗಿ ಇರುವುದೇ ಕಾರು ಇರುವುದರಿಂದ. ಕಾರು ನಿಂತರೆ ಏಳು ಜನ ಮತ್ತೆ ಏಳು ಕಡೆ ಕಾಯುತ್ತ ಕೂರಬೇಕು. ಅಕ್ಕನೂ ಅವರ ಜೊತೆಗೆ.

ಇಷ್ಟು ಗೊತ್ತಿದ್ದರೆ ಎಣ್ಣೆಯ ವಿಷಯದಲ್ಲಿ ಅವಳು ಯಾಕೆ ಅಷ್ಟು ಹಟ ಹಿಡಿದಳೆಂದು ನಿಮಗೆ ಅರ್ಥವಾಗುತ್ತದೆ.

ಸೀಸನ್ನಿಗೆ ಮುಂಚೆ ಕಾರಿನ ಎಂಜಿನ್ ಆಯಿಲ್ ಬದಲಿಸಿದಳು. ಮಾರನೆಯ ದಿನ ಎಣ್ಣೆಯ ಮಟ್ಟ ನೋಡುವ ಕಡ್ಡಿ ಎಳೆದು, ನನಗೆ ಫೋನ್ ಮಾಡಿದಳು.

"ಲೋ, ನೆನ್ನೆ ಉಯ್ದಾಗ ಚಿನ್ನದಂಗಿತ್ತು ಕಣ್ಲಾ. ಇವತ್ತು ನೋಡುದ್ರೆ ಒಲೆ ಮಸಿ. ಯಾವನೋ ಸುಟ್ಟೋಗಿರೋ ಮಾಲು ಕೊಟ್ಟವ್ನೆ."

ಡೀಸೆಲ್ ಎಂಜಿನ್ನಿನೊಳಗೆ ಎಣ್ಣೆ ಏನು ಮಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹಾಗಂತ ಸುಮ್ಮನಿರುವುದೂ ಗೊತ್ತಿರಲಿಲ್ಲ. ಕಲಬೆರಕೆ ಎಲ್ಲೆಲ್ಲಿ ಹಬ್ಬಿದೆ ಎಂದು ಐದು ನಿಮಿಷ ಮಾತಾಡಿದೆ. ಅವಳು ಆ ಎಣ್ಣೆಯನ್ನು ಬಸಿದು ಚೆಲ್ಲಿ ಇನ್ನೊಂದು ತಂದಳು. ಅದೂ ಮೂರು ದಿನಕ್ಕೆ ಕರ್ರಗಾಯಿತು. ಹೊಗೆಸೊಪ್ಪಿನವರ ಲೆಕ್ಕದಲ್ಲಿ ನಿಂಬೆ ಬಣ್ಣ, ಕಿತ್ತಳೆ ಬಣ್ಣ ಮೇಲಿನ ದರ್ಜೆ. ಕಂದು ಅದರ ಕೆಳಗೆ. ಕಪ್ಪು ಎಂದರೆ ಬ್ಯಾರನ್ನಿನಲ್ಲಿ ಬೆಂಕಿ ಮೀರಿ ಕೆಟ್ಟದ್ದು. ಮೂವತ್ತು ವರ್ಷ ಕಪ್ಪನ್ನು ಕಂಡಕೂಡಲೇ ಪಕ್ಕಕ್ಕೆ ಎಸೆದ ಕೈ ಅದು. ಕಪ್ಪು ಕಂಡಮೇಲೂ ಎಸೆಯದೆ ಬಿಡು ಎಂದರೆ ಕೇಳೀತೇ?

ಆ ಎರಡನೆಯ ಎಣ್ಣೆಯ ಡಬ್ಬದ ಮೇಲಿನ ಬರಹ ಓದಿಸಲು ಒಂದು ಭಾನುವಾರ ಮನೆಗೆ ಬಂದಳು.

"ಇದೇನ್ಲಾ, ಹದಿನೈದು ಆದ್ಮೇಲೆ ಡಬ್ಲ್ಯೂ?"

"ವಾಟ್ ಅಕ್ಕ," ಅಂದೆ. "ಬಲ್ಬಿನ ಮೇಲೆ ಇರೋದಿಲ್ವೆ, ಹಾಗೆ. ಹದಿನೈದು ವಾಟಿನ ಶಕ್ತಿ."

"ಅಂಗಾದ್ರೆ ಬಚ್ಚಲುಮನೆ ಬಲ್ಬು ಅನ್ನು. ಇದ್ರಲ್ಲಿ ಏಳು ಜನನ್ನ ಎಂಗ್ಲಾ ಎಳೆದಾತು?"

ನಾನು ಗಂಭೀರವಾಗಿ ತಲೆಯಾಡಿಸಿದೆ. ಕಾರಿನ ಜೊತೆ ಬಂದ ಪುಸ್ತಕವೊಂದು ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇತ್ತು. ಹೆಂಗಸರು ಅದರ ಮೇಲೆ ವೀಳ್ಯದೆಲೆ ಇಟ್ಟು ಸುಣ್ಣ ಹಚ್ಚುತ್ತಿದ್ದರು. ಯಾವ ಎಣ್ಣೆ ಹಾಕಬೇಕೆಂದು ಅದರಲ್ಲಿ ಅಚ್ಚಾಗಿತ್ತು. ಮಕ್ಕಳಿಗೆ ದಿನಾ ಪುಸ್ತಕ ಓದಿ ಎನ್ನುವ ನಾನು ಅದನ್ನು ತೆರೆಯಲಿಲ್ಲ.

ಮೂರನೆಯ ಎಣ್ಣೆ ಸಿಕ್ಕಿದ್ದು ಎಚ್.ಡಿ. ಕೋಟೆಯಲ್ಲಿ. ಬೀಚನಹಳ್ಳಿಯ ನಂಟರ ಮನೆಗೆ ಹೋಗಿ ಬರುತ್ತ, ಒಂದು ಅಂಗಡಿಯಲ್ಲಿ ಡ್ರಮ್ಮಿನಿಂದ ಸುರಿದುಕೊಡುವ ಎಣ್ಣೆ ನೋಡಿದಳು. ಬೆರಳಿಗೆ ಹಚ್ಚಿ ತಿಕ್ಕಿದಳು, ಮೂಸಿದಳು, ಬಿಸಿಲಿಗೆ ಹಿಡಿದಳು. ಮೇಲಿನ ದರ್ಜೆಯ ಎಲೆಯ ಬಣ್ಣ. ಆರು ಲೀಟರ್ ಕಾರಿಗೆ ಹಾಕಿ, ಒಂದು ಸಣ್ಣ ಸೀಸೆಯಲ್ಲಿ ಮಾದರಿ ತೆಗೆದಿಟ್ಟಳು. ಯಾವ ರಾಶಿ ಮಾಡಿದರೂ ಒಂದು ಎಲೆ ಮಾದರಿಗೆ ಎತ್ತಿಡುವುದು ಅವರ ಪದ್ಧತಿ. ಹದಿನೈದು ದಿನವಾದರೂ ಆ ಎಣ್ಣೆ ಚಹಾದ ಬಣ್ಣಕ್ಕಿಂತ ಆಚೆ ಹೋಗಲಿಲ್ಲ.

"ನೋಡ್ದೇನ್ಲಾ? ಕಣ್ಣಿದ್ರೆ ಸಾಕು, ಡಬ್ಲ್ಯೂ ಬ್ಯಾಡ," ಅಂದಳು. ನಾನು ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಕಂಪನಿಗಳ ಮೋಸವನ್ನು ನಮ್ಮಕ್ಕ ಬಯಲಿಗೆಳೆದಳು ಎಂದು.

ಅವಳ ಕಣ್ಣನ್ನು ನಂಬಲು ನನಗೆ ಕಾರಣವಿತ್ತು. ಚಿಕ್ಕಂದಿನಲ್ಲಿ ನಾನು ಎಲೆ ರಾಶಿಗಳ ನಡುವೆ ಕೂತು ಅವಳನ್ನು ಪರೀಕ್ಷೆ ಮಾಡುತ್ತಿದ್ದೆ. ಅವಳು ಕಣ್ಣು ಮುಚ್ಚುತ್ತಿದ್ದಳು. ನಾನು ಒಂದು ಎಲೆ ಕೊಡುತ್ತಿದ್ದೆ. ಹೆಬ್ಬೆರಳು ಎಲೆಯ ನಡುದಂಟಿನಿಂದ ಅಂಚಿಗೆ ಒಮ್ಮೆ ಜಾರುತ್ತಿತ್ತು, ಅಷ್ಟೇ. ಇದು ಗಿಡದ ಬುಡದ ಎಲೆ, ಇದು ನಡುವಿನದು, ಇದು ತುದಿಯದು, ಇದು ಪಕ್ಕದ ಹೊಲದ್ದು, ಕದ್ದು ತಂದೆಯೇನೋ ಎನ್ನುತ್ತಿದ್ದಳು. ಒಂದೂ ತಪ್ಪುತ್ತಿರಲಿಲ್ಲ. ಆ ಗೋದಾಮಿನ ವಾಸನೆ, ಜೇನು ಮತ್ತು ಧೂಳು ಮತ್ತು ಬೆಚ್ಚನೆಯ ಗೋಣಿ, ಈಗಲೂ ಮೂಗಿನಲ್ಲಿದೆ. ಇದನ್ನು ಅಮ್ಮನಿಗೆ ಹೇಳಿದರೆ, "ನಮ್ಮ ಮನೇಲಿ ಬ್ಯಾರನ್ನೇ ಇರ್ನಿಲ್ಲ, ನೀನು ಎಲ್ಲಿ ಕೂತಿದ್ದೆ?" ಎನ್ನುತ್ತಾಳೆ. ಅಕ್ಕನನ್ನು ಕೇಳಿದರೆ, "ಕಣ್ಣು ಮುಚ್ಕಂಡು ಕೂರಕ್ಕೆ ನಂಗೆಲ್ಲಿ ಪುರುಸೊತ್ತಿತ್ತು?" ಎನ್ನುತ್ತಾಳೆ. ಹಾಗಾದರೆ ಆ ಹೆಬ್ಬೆರಳು ಯಾರದು? ನಾನು ಅದನ್ನು ನೋಡಿದ್ದೇನೆ. ನೋಡದೆ ಅಷ್ಟು ಚೆನ್ನಾಗಿ ಕಟ್ಟುವ ಶಕ್ತಿ ನನಗಿಲ್ಲ.

ಇರಲಿ. ಕಾರು ಸದ್ದು ಮಾಡತೊಡಗಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಳಗೆ ಯಾರೋ ಲೋಟ ಕುಟ್ಟಿದಂತೆ ಕಟಕಟ. ಮೊದಲು ಎರಡು ಕ್ಷಣ, ಆಮೇಲೆ ಐದು, ಆಮೇಲೆ ಊರಾಚೆ ಹೋಗುವವರೆಗೂ. ಅಕ್ಕ ಎರಡು ದಿನ ಕೇಳಿಸಿಕೊಂಡಳು. ಮೂರನೆಯ ದಿನ ಹೆಂಗಸರನ್ನು ಬ್ಯಾರನ್ನಿಗೆ ಇಳಿಸಿ, ಸಣ್ಣತಾಯಿಯನ್ನು ಮಾತ್ರ ಜೊತೆ ಮಾಡಿಕೊಂಡು ಹುಣಸೂರಿಗೆ ಬಂದಳು. ಸಣ್ಣತಾಯಿ ಆ ಗುಂಪಿನಲ್ಲಿ ಹಳಬಳು. ಅಕ್ಕ ಗೇರ್ ಬದಲಿಸಿದಾಗಲೆಲ್ಲ ಹಿಂದಿನ ಸೀಟಿನಿಂದ ಟೀಕೆ ಮಾಡುವುದು ಅವಳ ಹಕ್ಕು. ಇಬ್ಬರನ್ನೂ ಊರಂಚಿನ ಇಲಿಯಾಸ್ ಭಾಯಿಯ ಶೆಡ್ಡಿಗೆ ನಾನೇ ಕರೆದುಕೊಂಡು ಹೋದೆ. ಮೂವತ್ತು ವರ್ಷದಿಂದ ಡೀಸೆಲ್ ಎಂಜಿನ್ನನ್ನು ಬಿಟ್ಟು ಬೇರೇನನ್ನೂ ಮುಟ್ಟದ ಮನುಷ್ಯ ಅವರು.

ಇಲಿಯಾಸ್ ಭಾಯಿ ಎಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿ, ಒಳಗೆ ಟಾರ್ಚ್ ಹಿಡಿದು, ನಮ್ಮನ್ನು ಹತ್ತಿರ ಕರೆದರು. ಒಳಗೆಲ್ಲ ಕಾಡಿಗೆ ಮೆತ್ತಿದಂತೆ ಕರಿಯ ಪೇಸ್ಟು. ಬೆರಳು ಇಟ್ಟರೆ ಬೆರಳಿನ ಗುರುತು ನಿಲ್ಲುವಷ್ಟು.

"ಈ ಎಣ್ಣೆ ಯಾರು ಹಾಕಿದ್ದು?"

"ನಾನೇ," ಅಂದಳು ಅಕ್ಕ. "ಅದಿನೈದು ದಿನ ಆದ್ರೂವೆ ಕಪ್ಪಾಗ್ನಿಲ್ಲ, ನೋಡಿ ಬೇಕಾದ್ರೆ."

"ಅರೇ ಅಕ್ಕಾ, ಅದೇ ರೋಗ! ಇದು ಹಳೇ ಕಾಲದ ಪಂಪ್‌ಸೆಟ್ಟಿಗೆ ಹಾಕೋದು. ಡೀಸೆಲ್ ಉರಿದ್ರೆ ಮಸಿ ಆಗೇ ಆಗ್ತದೆ. ಒಳ್ಳೆ ಎಣ್ಣೆ ಆ ಮಸೀನ ಹಿಡ್ಕೊಂಡು ತನ್ನ ಹೊಟ್ಟೇಲೇ ಇಟ್ಕೊಂಡು ತಿರುಗ್ತದೆ. ಅದಕ್ಕೇ ಕಪ್ಪಾಗೋದು. ಇದು ಹಿಡಿದಿಲ್ಲ. ಎಲ್ಲಾ ಎಂಜಿನ್ನಿಗೇ ಬಿಟ್ಟಿದೆ. ಕೆಲಸ ಮಾಡೋರ ಅಂಗಿ ಬೆಳ್ಳಗಿರ್ತದಾ ಹೇಳಿ?"

ಮೂವರೂ ನನ್ನ ಅಂಗಿ ನೋಡಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ.

"ಮೇಷ್ಟ್ರು ಬುಡಿ, ಸೋಪು ಕಂಪನಿಯೋರು ಕ್ಯಾಲೆಂಡರ್‌ಗೆ ಆಕಬೇಕು," ಅಂದಳು ಸಣ್ಣತಾಯಿ.

ಅಕ್ಕ ನಗಲಿಲ್ಲ. "ಅಂಗಾರೆ ಇದಕ್ಕೆ ಮುಂಚೆ ಕಪ್ಪಾಯ್ತು ಅಂತ ನಾನು ಚೆಲ್ಲಿದ ಎರಡು ಎಣ್ಣೆ?"

"ಕಪ್ಪಾಗಿತ್ತು ಅಂದ್ರೆ ಎರಡೂ ಕೆಲಸ ಮಾಡ್ತಿತ್ತು ಅಕ್ಕಾ."

ನಂಬಿಕೆ ಬರಲೆಂದು ಇಲಿಯಾಸ್ ಭಾಯಿ ನನ್ನ ಜೇಬಿನ ನೋಟ್‌ಬುಕ್ಕಿನಿಂದ ಈ ಹಾಳೆ ಹರಿದುಕೊಂಡರು. ಪಕ್ಕದಲ್ಲಿದ್ದ ಇನ್ನೊಂದು ಕಾರಿನ ಕರಿಯ ಎಣ್ಣೆಯ ಒಂದು ಹನಿ, ಅಕ್ಕನ ಕಾರಿನ ಚಹಾ ಬಣ್ಣದ ಎಣ್ಣೆಯ ಒಂದು ಹನಿ ಹಾಕಿ ಬಿಸಿಲಿಗಿಟ್ಟರು. ನಾವು ಎದುರಿನ ಅಂಗಡಿಗೆ ಹೋಗಿ ತಿಂಡಿ ತಿಂದು ಬರುವ ಹೊತ್ತಿಗೆ ಕರಿಯ ಹನಿ ಮೋಡದಂತೆ ಸಮನಾಗಿ ಹರಡಿತ್ತು. ಚಹಾ ಬಣ್ಣದ ಹನಿ ತನ್ನಲ್ಲಿದ್ದ ಅಷ್ಟಿಷ್ಟು ಮಸಿಯನ್ನು ನಡುವೆಯೇ ಉಗುಳಿ, ತಾನು ಮಾತ್ರ ದೂರ ಸರಿದಿತ್ತು. ನೋಡುತ್ತ ನಿಂತೆ. ಒಂದು ಹೋಲಿಕೆ ಬಾಗಿಲಿಗೆ ಬಂದು ನಿಂತಿತು. ಒಳ್ಳೆಯ ಮನುಷ್ಯರು, ಹೊಟ್ಟೆಯಲ್ಲಿಟ್ಟುಕೊಳ್ಳುವವರು, ಇತ್ಯಾದಿ. ಒಳಗೆ ಕರೆಯಲಿಲ್ಲ. ಎಣ್ಣೆ ಎಣ್ಣೆಯಾಗಿದ್ದುಕೊಂಡೇ ಇಷ್ಟು ಮಾಡುತ್ತಿರುವಾಗ ಅದನ್ನು ಮನುಷ್ಯನಿಗೆ ಹೋಲಿಸಿ ಸಣ್ಣದು ಮಾಡುವುದೇಕೆ?

ಆಮೇಲೆ ಡ್ಯಾಶ್‌ಬೋರ್ಡಿನ ಪುಸ್ತಕ ಹೊರಬಂತು. ಸುಣ್ಣದ ಕಲೆಯನ್ನು ಉಗುರಿನಿಂದ ಕೆರೆದು ಇಲಿಯಾಸ್ ಭಾಯಿ ಓದಿದರು: ಐದು ಡಬ್ಲ್ಯೂ ಮೂವತ್ತು, ಡೀಸೆಲ್ಲಿನ ದರ್ಜೆ. ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆಂದು ಹೇಳುತ್ತದೆ, ಕಡಿಮೆಯಾದಷ್ಟೂ ಸಲೀಸು. ಎರಡನೆಯದು ಎಂಜಿನ್ ಕಾದಮೇಲೆ ಎಷ್ಟು ಗಟ್ಟಿ ಉಳಿಯುತ್ತದೆಂದು. ಅವುಗಳ ಪಕ್ಕ 'ಸಿ' ಎಂದು ಶುರುವಾಗುವ ದರ್ಜೆ ಇದ್ದರೆ ಅದು ಡೀಸೆಲ್ಲಿನದು; ಮಸಿ ಹೊರುವ ಶಕ್ತಿ ಬರುವುದು ಅಲ್ಲಿಂದ. ಅಂಗಡಿಯವನ ಮಾತಲ್ಲ, ಬೆರಳಲ್ಲ, ಮೊದಲು ಪುಸ್ತಕ.

"ಡಬ್ಲ್ಯೂ ಅಂದ್ರೆ ವಾಟಂತೆ?" ಅಂದಳು ಅಕ್ಕ, ನನ್ನ ಕಡೆ ನೋಡದೆ.

"ವಿಂಟರ್ ಅಕ್ಕಾ. ಚಳಿಗಾಲ. ವಾಟ್ ಅಂತ ಯಾವ ಬೇಕೂಫ್ ಹೇಳಿದ್ದು?"

ನಾನು ಎದುರಿನ ಗೋಡೆಯ ಮೇಲಿದ್ದ ಹಲ್ಲಿಯನ್ನು ಬಹಳ ಆಸಕ್ತಿಯಿಂದ ನೋಡಿದೆ.

ಆದರೆ ಆ ನಾಚಿಕೆಯ ನಡುವೆಯೂ ನನಗೆ ಮೈ ಜುಮ್ಮೆಂದದ್ದು ನಿಜ. ಒಂದೇ ದ್ರವ, ಚಳಿಯಲ್ಲಿ ಒಂದು ಸ್ವಭಾವ, ಬೆಂಕಿಯಲ್ಲಿ ಇನ್ನೊಂದು. ಕೀಲಿ ತಿರುಗಿಸಿದ ಕ್ಷಣ ಅದು ತಳದ ತೊಟ್ಟಿಯಿಂದ ಎದ್ದು, ಕೂದಲಿಗಿಂತ ಸಣ್ಣ ಸಂದುಗಳಲ್ಲಿ ನುಗ್ಗಿ, ಕಬ್ಬಿಣ ಕಬ್ಬಿಣವನ್ನು ಮುಟ್ಟದಂತೆ ನಡುವೆ ಒಂದು ಪದರವಾಗಿ ನಿಲ್ಲಬೇಕು. ಎಂಜಿನ್ನಿಗೆ ಗಾಳಿ ಒತ್ತಿ ಕೊಡುವ ಟರ್ಬೋದ ಪುಟ್ಟ ಅಚ್ಚು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದಂತೆ. ಅದು ಒರಗಿ ನಿಂತಿರುವುದು ಕಣ್ಣಿಗೆ ಕಾಣದ ಆ ಪದರದ ಮೇಲೆ. ಇಪ್ಪತ್ತು ವರ್ಷ ಕಾರು, ಬಸ್ಸು, ಜೀಪುಗಳಲ್ಲಿ ಕೂತು ಊರೂರು ತಿರುಗಿದ್ದೇನೆ. ನನ್ನ ಕಾಲ ಕೆಳಗೆ ಇಂಥದ್ದು ನಡೆಯುತ್ತಿತ್ತೆಂದು ಒಮ್ಮೆಯೂ ಅನಿಸಿರಲಿಲ್ಲ. ಮಕ್ಕಳಿಗೆ ವಿಸ್ಮಯ ಎಂಬ ಪದಕ್ಕೆ ಉದಾಹರಣೆ ಕೊಡುವಾಗ ನಕ್ಷತ್ರ, ಸಮುದ್ರ ಎನ್ನುತ್ತಿದ್ದೆ.

ಹಳೆಯ ಎಣ್ಣೆಯನ್ನು ಅಗಲ ಬಾಯಿಯ ತಟ್ಟೆಗೆ ಬಸಿದರು. ಅಕ್ಕ ಅಲ್ಲಿಯವರೆಗೆ ಮೂಲೆಯಲ್ಲಿ ಟೈರಿನ ಮೇಲೆ ಕೂತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಮೂವತ್ತು ವರ್ಷದ ಕಣ್ಣು ಏಳು ಜನರ ಕೆಲಸಕ್ಕೇ ಕುತ್ತು ತಂದಿತ್ತು. ಎದ್ದು ಬಂದಳು. ತಟ್ಟೆಯಲ್ಲಿ ಎರಡು ಬೆರಳು ಅದ್ದಿ, ಹೆಬ್ಬೆರಳಿನಿಂದ ತಿಕ್ಕಿದಳು. ಬ್ಯಾಗಿನಿಂದ ಮಾದರಿಯ ಸೀಸೆ ತೆಗೆದು ಇನ್ನೊಂದು ಕೈಗೆ ಹಚ್ಚಿಕೊಂಡಳು. ಎರಡೂ ಕೈ ಒಟ್ಟಿಗೆ ತಿಕ್ಕುತ್ತ ನಿಂತಳು. ಆಗ ಅವಳ ಕಣ್ಣು ಮುಚ್ಚಿತ್ತು ಎಂದು ಬರೆಯುವ ಆಸೆಯಾಗುತ್ತಿದೆ; ಮುಚ್ಚಿರಲಿಲ್ಲ, ಬಾಗಿಲಾಚೆ ರಸ್ತೆ ನೋಡುತ್ತಿದ್ದಳು.

"ಇದು ತೆಳ್ಳಗಾಗದೆ," ಅಂದಳು. "ನಾನು ಆಕಿದ್ದು ಇಂಗಿರ್ನಿಲ್ಲ. ಇದ್ರಲ್ಲಿ ಡೀಸೆಲ್ ಅದೆ."

"ಎಣ್ಣೆ ಕಾದ್ರೆ ತೆಳ್ಳಗೇ ಆಗ್ತದೆ ಅಕ್ಕಾ."

"ಕಾದಿರೋದು ಬ್ಯಾರೆ, ಬೆರೆತಿರೋದು ಬ್ಯಾರೆ. ಮೂಸಿ ನೋಡಿ."

ಇಲಿಯಾಸ್ ಭಾಯಿ ಮೂಸಿದರು. "ನನ್ನ ಮೂಗಿಗೆ ಚಹಾನೂ ಡೀಸೆಲ್ಲೇ," ಅಂದು ನಕ್ಕರು. ಆದರೂ ಒಂದು ಅಳತೆಯ ಕ್ಯಾನು ತಂದು ತಟ್ಟೆಯ ಎಣ್ಣೆಯನ್ನು ಸುರಿದರು. ಹಾಕಿದ್ದು ಆರು ಲೀಟರ್. ಬಂದದ್ದು ಏಳಕ್ಕೆ ಹತ್ತಿರ.

"ಎಣ್ಣೆ ಮರಿ ಆಕದೆ!" ಅಂದಳು ಸಣ್ಣತಾಯಿ.

ಇಲಿಯಾಸ್ ಭಾಯಿ ನಗುವುದನ್ನು ನಿಲ್ಲಿಸಿದರು. ಮತ್ತೆ ಎಂಜಿನ್ನಿನೊಳಗೆ ತಲೆ ಹಾಕಿದರು. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ಮೂರನೆಯದು ಜಿನುಗುತ್ತಿತ್ತು. ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯುದ್ದಕ್ಕೂ ಇಳಿದು ಎಣ್ಣೆಯೊಳಗೆ ಸೇರುತ್ತಿತ್ತು. ಎಷ್ಟು ಒಳ್ಳೆಯ ಎಣ್ಣೆ ಹಾಕಿದ್ದರೂ ತಿಂಗಳೊಳಗೆ ನೀರಾಗಿ, ಕಬ್ಬಿಣ ಕಬ್ಬಿಣವನ್ನು ತಿನ್ನುತ್ತಿತ್ತು.

ಅವರು ಬಟ್ಟೆಯಲ್ಲಿ ಕೈ ಒರೆಸಿಕೊಂಡು ಅಕ್ಕನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದರು. "ಅಕ್ಕಾ, ನಾನು ಎಣ್ಣೆ ಬದಲಾಯ್ಸಿ ಕಳಿಸ್ತಿದ್ದೆ," ಅಂದರು. "ಸೀದಾ ಕಳಿಸ್ತಿದ್ದೆ."

ಅಕ್ಕನಿಗೆ ಗೆದ್ದ ಸಂತೋಷವೇನೂ ಇರಲಿಲ್ಲ. "ಕಣ್ಣು ಮೋಸ ಮಾಡ್ತು ನೋಡಿ," ಅಂದಳು, ಬೇರೆ ಯಾರದೋ ವಿಷಯ ಹೇಳುವಂತೆ. ನನಗೆ ಮಾತ್ರ ಶೆಡ್ಡಿನ ತಗಡು ಒಂದಡಿ ಮೇಲೆದ್ದಂತೆ ಅನಿಸಿತು. ಅದೇ ಹೆಂಗಸು, ಅದೇ ಗಳಿಗೆ; ಕಣ್ಣು ಕಲಿತ ವಿದ್ಯೆ ಪೂರ್ತಿ ಸುಳ್ಳಾಯಿತು, ಬೆರಳು ಕಲಿತದ್ದು ಪೂರ್ತಿ ನಿಜವಾಯಿತು. ಎರಡನ್ನೂ ಅವಳು ಕಲಿತದ್ದು ಒಂದೇ ಎಲೆಯಿಂದ.

ಇಂಜೆಕ್ಟರ್ ಮೈಸೂರಿಗೆ ಹೋಗಿ ಸರಿಯಾಗಿ ಬರಲು ಒಂದು ದಿನ ಹಿಡಿಯಿತು. ಮರುದಿನ ಬೆಳಿಗ್ಗೆ ಹೆಂಗಸರಿಗೆ ಬ್ಯಾರನ್ನಿಗೆ ಹೋಗಲಾಗಲಿಲ್ಲ. ಒಬ್ಬ ಬೆಳೆಗಾರ ಎರಡನೆಯ ದಿನಕ್ಕೂ ಕಾಯದೆ ಕೆ.ಆರ್. ನಗರದ ಕಡೆಯ ಗುಂಪನ್ನು ಕರೆಸಿಕೊಂಡ. ಅಕ್ಕ ಫೋನಿನಲ್ಲಿ "ಆಗ್ಲಿ ಬುಡಣ್ಣ" ಅಂದದ್ದನ್ನು ನಾನು ಪಕ್ಕದಲ್ಲೇ ಕೇಳಿದೆ. ಒಂದು ದಿನಕ್ಕೆ ಒಂದು ಬ್ಯಾರನ್ ಹೋಗಿತ್ತು.

ಸಂಜೆ ಎಂಜಿನ್ನನ್ನು ಆದಷ್ಟು ತೊಳೆದು, ಪುಸ್ತಕ ಹೇಳಿದ ಎಣ್ಣೆ ತುಂಬಿಸಿ, ಹೊಸ ಫಿಲ್ಟರ್ ಹಾಕಿ, ಇಲಿಯಾಸ್ ಭಾಯಿ ಇನ್ನೊಂದು ಮಾತು ಹೇಳಿದರು.

"ಬೇರಿಂಗು, ಟರ್ಬೋ ಎಷ್ಟು ಸವೆದಿದೆ ಅಂತ ನನಗೆ ಗೊತ್ತಿಲ್ಲ ಅಕ್ಕಾ. ಗೊತ್ತಾಗ್ಬೇಕು ಅಂದ್ರೆ ಎಲ್ಲಾ ಬಿಚ್ಚಬೇಕು. ಬಿಚ್ಚಿದ್ರೆ ಎಂಟು ದಿನ."

"ಎಂಟು ದಿನಕ್ಕೆ ನನ್ನ ಹೆಂಗಸ್ರು ಎಂಟು ದಿಕ್ಕಿಗೆ ಓಗಿರ್ತಾರೆ," ಅಂದಳು ಅಕ್ಕ. "ಬಿಚ್ಚದೇ ಓಡುಸುದ್ರೆ?"

"ಸೀಸನ್ ಪೂರ್ತಿ ಓಡಬಹುದು. ನಾಳೇನೇ ನಿಲ್ಲಬಹುದು. ಸಾವಿರ ಕಿಲೋಮೀಟರಿಗೆ ಈ ಎಣ್ಣೆ ಚೆಲ್ಲಿಬಿಡಿ, ಒಳಗಿನ ಕೊಳೆ ಬಿಟ್ಕೊಂಡು ಬರ್ತದೆ. ಕಪ್ಪಾದ್ರೆ ಹೆದರ್ಬೇಡಿ."

ಅಕ್ಕ ಕೀಲಿಗೆ ಕೈ ಚಾಚಿದಳು.

ಮಾರನೆಯ ಬೆಳಿಗ್ಗೆ ಅವರ ಜೊತೆ ಬ್ಯಾರನ್ನಿಗೆ ನಾನೂ ಹೋದೆ. ರಜೆ ಹಾಕಿದೆನೋ ಭಾನುವಾರವೇ ಇತ್ತೋ, ಬಿಡಿ. ಸಣ್ಣತಾಯಿ ತನ್ನ ಜಾಗ ಬಿಟ್ಟುಕೊಡದೆ ಹೋದದ್ದರಿಂದ ಹಿಂದೆ ಬುತ್ತಿಗಳ ನಡುವೆ ಮುದುರಿಕೊಂಡು ಕೂತೆ. ಹೊಲಗಳ ಮೇಲೆ ಇಬ್ಬನಿ ಹಾಲಿನಂತೆ ನಿಂತಿತ್ತು. ಅಕ್ಕ ಕಡ್ಡಿ ಎಳೆದಳು. ಒಂದೇ ರಾತ್ರಿಗೆ ಕರ್ರಗಿತ್ತು. ಹೆಂಗಸರೆಲ್ಲ ಬಗ್ಗಿ ನೋಡಿದರು.

"ಅಯ್ಯೋ, ಕರೀದಾಗೋಯ್ತಲ್ಲ ಗೌರಕ್ಕ," ಅಂದಳೊಬ್ಬಳು.

"ಗೇಯ್ತಾ ಅದೆ," ಅಂದಳು ಅಕ್ಕ. ಎರಡು ಬೆರಳಿಗೆ ಹಚ್ಚಿ ತಿಕ್ಕಿದಳು. ಮೂಸಿದಳು. ಸೆರಗಿಗೆ ಒರೆಸಿಕೊಂಡು ಹತ್ತಿ ಕೂತು ಕೀಲಿ ತಿರುಗಿಸಿದಳು. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಯ ಒತ್ತಡದ ಕೆಂಪು ದೀಪ ಹೊತ್ತಿತು; ಎಣ್ಣೆ ಮೇಲೇರಿದರೆ ಅದು ಆರಬೇಕು. ಏಳು ಜನ ಹೆಂಗಸರು ಉಸಿರು ಹಿಡಿದುಕೊಂಡು ಒಂದು ಸಣ್ಣ ದೀಪವನ್ನು ನೋಡುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ದೀಪ ಆರಿತು. ಕಟಕಟ ಸದ್ದು ಒಮ್ಮೆ ಬಂತು, ಇನ್ನೊಮ್ಮೆ ಬಂತು, ನಿಂತಿತು. ನಿಂತಿತೋ, ಎಂಜಿನ್ನಿನ ಸದ್ದಿನಲ್ಲಿ ಮುಳುಗಿತೋ.

"ಅಕ್ಕ, ತಡೀತದಾ?" ಅಂದೆ.

"ಸುಮ್ಕೆ ಕೂತ್ಕಳ್ಲಾ. ನೀನು ಮಾತಾಡುದ್ರೆ ಅದು ಕೇಳ್ಸಾಕಿಲ್ಲ."

ಬಿಸಿಲು ಬರುವ ಮುಂಚೆ ತಲುಪಿದೆವು. ಎಲೆ ಇನ್ನೂ ಮೆತ್ತಗಿತ್ತು. ಅವತ್ತಿನಿಂದ ಇವತ್ತಿನವರೆಗೂ ಕಾರು ಒಂದು ಬೆಳಿಗ್ಗೆಯನ್ನೂ ತಪ್ಪಿಸಿಲ್ಲ. ಹರಾಜು ಮುಗಿಯಲು ಇನ್ನೂ ಎರಡು ತಿಂಗಳಿದೆ. ಎಂಜಿನ್ನಿನೊಳಗೆ ಎಷ್ಟು ಸವೆದಿದೆ, ಎಷ್ಟು ಉಳಿದಿದೆ ಎಂದು ಇಲಿಯಾಸ್ ಭಾಯಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಆ ಕರಿಯ ಎಣ್ಣೆಯನ್ನು ಬೆರಳಿನಲ್ಲಿ ತಿಕ್ಕಿ ನೋಡುವ ಅಕ್ಕನಿಗೆ ಗೊತ್ತಿದೆಯೋ ಏನೋ, ಅವಳು ಹೇಳಿಲ್ಲ.